ವಾಕರ್ ಬೇಡ ಅಂದ್ರೆ ಮುಗೀತಾ?

ಕೆನಡಾದಲ್ಲಿ 2004ರಿಂದ ಬೇಬಿ ವಾಕರ್ ಮಾರೋ ಹಾಗಿಲ್ಲ. ನಮ್ಮಲ್ಲಿ ಆನ್‌ಲೈನ್ ಆರ್ಡರ್ ಮಾಡಿ ಆಳಂದಕ್ಕೋ ಅಫಜಲಪುರಕ್ಕೋ ಕಳಿಸಿದ್ರೆ ಕೇಳೋರಿಲ್ಲ.

ವಾಕರಿನಲ್ಲಿ ಕೂಸು ಒಂದೇ ಸೆಕೆಂಡಿನಲ್ಲಿ ಮೂರಡಿಗಿಂತ ಹೆಚ್ಚು ದೂರ ಹೋಗಬಲ್ಲದು. ನಾವು ಎದ್ದು ಓಡೋದ್ರೊಳಗೆ ಮೆಟ್ಟಿಲು ಬಂದಿರುತ್ತೆ. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರಿನಿಂದ ಗಾಯವಾಗಿ ತುರ್ತು ಚಿಕಿತ್ಸೆಗೆ ಬಂದ, 15 ತಿಂಗಳೊಳಗಿನ ಮಕ್ಕಳು 2.3 ಲಕ್ಷ. ಮುಕ್ಕಾಲು ಪಾಲು ಮೆಟ್ಟಿಲಿಂದ ಬಿದ್ದವರು. ನಡಿಗೆ ಬೇಗ ಬರುತ್ತೆ ಅನ್ನೋದೂ ನಿಜವಲ್ಲ, ತಡವಾಗೋದೂ ಉಂಟು. ಇನ್ನು ಜೇವರ್ಗಿ ಕಡೆಯ ಹಳೇ ಮನೆ ನೆನೆಸಿಕೊಳ್ಳಿ: ಶಹಾಬಾದ್ ಕಲ್ಲಿನ ನೆಲ, ಎತ್ತರದ ಹೊಸ್ತಿಲು, ದಾಟಿದ್ರೆ ಮೆಟ್ಟಿಲು.

ಇದೆಲ್ಲ ಓದಿಕೊಂಡ ನಾವು ಬೆಂಗಳೂರಿನಿಂದ ಫೋನ್ ಮಾಡಿ "ವಾಕರ್ ಬೇಡ" ಅಂತೀವಿ. ಸರಿಯೇ. ಆದ್ರೆ ಕೂಸು ಇರೋದು ಊರಿನಲ್ಲಿ, ಆಯಿ ಹತ್ರ. ಆಕೆಗೋ ಮೊಣಕಾಲು ನೋವು. "ಹಂಗಾರ ರೊಟ್ಟಿ ಬಡಿಯೋ ಹೊತ್ನ್ಯಾಗ ಕೂಸಿಗಿ ಯಾರ್ ಹಿಡೀಬೇಕೋ ತಮ್ಮಾ?" ಅಂತ ಆಕೆ ಕೇಳಿದ್ರೆ ಅದು ತಿಳಿವಳಿಕೆ ಇಲ್ಲದ ಪ್ರಶ್ನೆ ಅಲ್ಲ. ಅಂಬೆಗಾಲಿಡೋ ಕೂಸಿನ ಹಿಂದೆ ದಿನವಿಡೀ ಏಳೋ, ಕೂರೋ ಮೈ ಆಕೆಯದು.

ಹಾಗಂತ ಆಕೆಯ ಮೊಣಕಾಲು ಉಳಿಸೋಕೆ ಕೂಸಿನ ತಲೆಯನ್ನ ಪಣಕ್ಕಿಡೋಕಾಗಲ್ಲ. ಅದರ ಒಪ್ಪಿಗೆ ಕೇಳಿದವರಿಲ್ಲ. ಹಾಗಾದ್ರೆ ಉಳಿದವರು ನಾವೇ. ಬಾಗಿಲಿಗೊಂದು ಅಡ್ಡಗೇಟು, ಅಡುಗೆ ಹೊತ್ತಿಗೆ ಕೂಸು ನೋಡಿಕೊಳ್ಳೋಕೆ ಸಂಬಳ ಕೊಟ್ಟು ಒಬ್ಬಾಕೆ, ಅವಳು ಬಾರದ ದಿನ ನಮ್ಮದೇ ರಜೆ. ವಾಕರಾದ್ರೆ ಒಂದು ಸಲದ ಖರ್ಚು. ಇದು ಪ್ರತಿ ತಿಂಗಳದ್ದು.