ತಮಟೆ ಯಾರದು?

'ಕಲೆ ಉಳಿಸಿ' ಅಂತ ಈಗ ಎಲ್ಲರೂ ಹೇಳ್ತಾರೆ. ಚಿತ್ರದುರ್ಗದ ವೇದಿಕೆಗಳಲ್ಲಿ ತಮಟೆ, ಉರುಮೆಗೆ ಚಪ್ಪಾಳೆ ಬೀಳುತ್ತದೆ. ಆದರೆ ಹೊಳಲ್ಕೆರೆ, ಹೊಸದುರ್ಗದ ಕಡೆಯ ಮಾದಿಗರ ಕೇರಿಗಳಲ್ಲಿ ನಾಲ್ಕಕ್ಷರ ಕಲಿತ ಹುಡುಗರು ತಮಟೆ ಮುಟ್ಟಲ್ಲ ಅಂತಾರೆ. ಅವರದು ತಪ್ಪೇ?

ಮೊದಲು ಆ ವಿದ್ಯೆ ಎಂಥದು ನೋಡೋಣ. ಮೆಟ್ಟು ಹೊಲೆಯುವ ತೊಗಲು ಬೇರೆ, ತಮಟೆಯ ತೊಗಲು ಬೇರೆ. ಮೆಟ್ಟಿನದನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿ ತೊಗಟೆಯ ನೀರಲ್ಲಿ ಹದ ಮಾಡಬೇಕು. ಹಿರಿಯೂರಿನ ಬಯಲಲ್ಲಿ ಹಳದಿ ಹೂ ಬಿಡುತ್ತದಲ್ಲ, ಅದೇ ತಂಗಡಿ. ತಮಟೆಗೆ ಆ ಹದ ಕೂಡದು. ಹಸಿ ತೊಗಲನ್ನೇ ಬಳೆಗೆ ಎಳೆದು ಕಟ್ಟಬೇಕು. ಒಣಗುತ್ತಾ ತಾನೇ ಬಿಗಿಯುತ್ತದೆ. ಥಂಡಿಗೆ ಸಡಿಲಾದರೆ ಬೆಂಕಿಗೆ ಹಿಡೀಬೇಕು. ಎಷ್ಟು ಹೊತ್ತು? ಅದು ಬೆರಳಿಗೆ ಗೊತ್ತು. ಸಾವಿಗೊಂದು ಪೆಟ್ಟು, ಮದುವೆಗೊಂದು, ದೇವರಿಗೊಂದು. ಇದನ್ನು ಯಾವ ಪಂಡಿತ ವಿದ್ಯೆ ಅಂದ? ಬಾರಿಸುವವನನ್ನು ಮುಟ್ಟಿದರೆ ಮೈಲಿಗೆ ಅಂದರು.

ಆ ಬೆರಳಿನ ಜ್ಞಾನ ಅಪ್ಪನಿಂದ ಮಗನಿಗೆ ಬಂತು, ನಿಜ. ಅದರ ಜೊತೆಗೇ ಬಿಟ್ಟಿ ಚಾಕರಿಯೂ ಬಂತು: ಸತ್ತ ದನ ಎಳೆಯೋದು, ಕಣದ ಬದಿಯಲ್ಲಿ ಆಯಕ್ಕೆ ಸೆರಗೊಡ್ಡಿ ನಿಲ್ಲೋದು. ಸತ್ತ ದನದ ಬಾಡು ಬಿಡಿ ಎಂದು ಅಂಬೇಡ್ಕರ್ 1927ರಲ್ಲೇ ಮಹಾಡಿನಲ್ಲಿ ಹೇಳಿದರು. ನಮ್ಮ ರಾಜ್ಯದಲ್ಲಿ 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಹುದ್ದೆ ಹೋಯಿತು, 'ಬಾರೋ, ಬಡಿಯೋ' ಅನ್ನುವ ಬಾಯಿ ಹೋಗಲಿಲ್ಲ.

ಹುಡುಗರು ಬೇಡ ಅಂತಿರೋದು ಆ ಬಾಯಿಗೆ, ತೊಗಲಿಗಲ್ಲ. ಸಂಸ್ಕೃತಿ ಹಾಳಾಯಿತು ಎಂದು ಅಳುವವರು ಎರಡನ್ನೂ ಬೇಕೆಂದೇ ಬೆರೆಸುತ್ತಾರೆ. (ಅವರ ಮಕ್ಕಳು ತಮಟೆ ಕಲಿಯಲು ಕೇರಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.)

ಮಾಡಿದವನನ್ನು ಕೇಳದೆ ಅವನದನ್ನು ಎತ್ತಿಕೊಳ್ಳುವ ಚಾಳಿ ನಮ್ಮಲ್ಲಷ್ಟೇ ಇಲ್ಲ. ಆಸ್ಟ್ರೇಲಿಯಾದ ಆದಿವಾಸಿ ಕಲಾವಿದ ಡೇವಿಡ್ ಮಲಂಗಿ ಮರದ ತೊಗಟೆಯ ಮೇಲೆ ಬರೆದ ಚಿತ್ರ 1966ರಲ್ಲಿ ಆ ದೇಶದ ಒಂದು ಡಾಲರ್ ನೋಟಿನ ಮೇಲೆ ಅಚ್ಚಾಯಿತು. ಅವರ ಕುಲದ ಮೂಲಪುರುಷನ ಸಾವಿನ ವಿಧಿಯ ಚಿತ್ರ ಅದು. ಅವರನ್ನು ಯಾರೂ ಕೇಳಿರಲಿಲ್ಲ. ವಿಷಯ ಹೊರಬಿದ್ದ ಮೇಲೆ 1000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಾಮಾನು ಕೊಟ್ಟರು. ನಮ್ಮಲ್ಲಿ 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷವೇ. ಆದರೆ ದಿಲ್ಲಿಯ ಪದಕದಿಂದ ಹಳ್ಳಿಯ ಜಾತ್ರೆಯಲ್ಲಿ ತಮಟೆಯವನು ನಿಲ್ಲುವ ಜಾಗ ಬದಲಾಗೋದಿಲ್ಲ.

ಹಾಗಂತ ತಮಟೆ ಹರಿದು ಬಿಸಾಕೋಣವೇ? ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅದೇ ತೊಗಲು ಮುಂದೆ ನಡೆಯಿತು. ಅಲ್ಲಿ ಬಾರಿಸಿದವರು ತಲೆ ತಗ್ಗಿಸಿರಲಿಲ್ಲ. ಬಾರಿಸಲ್ಲ ಅಂದವರಿಗೆ ದಂಡವೂ ಇರಲಿಲ್ಲ. ಬೇಡ ಅನ್ನೋ ಹಕ್ಕೇ ಇಲ್ಲದವನಿಗೆ ಅಪ್ಪನ ವಿದ್ಯೆ ಆಸ್ತಿಯಾಗೋದು ಹೇಗೆ?

ತಮಟೆ ಬೇಕಾದ ಊರಿನವರು ಕೇರಿಗೆ ಬಂದು ಕೇಳಲಿ. ಕೂಲಿ ಮಾತಾಡಲಿ. ಆಗಲ್ಲ ಅಂದರೆ ಸುಮ್ಮನೆ ಹಿಂದಕ್ಕೆ ಹೋಗಲಿ, ಅಂಗಡಿ, ನೀರು ಬಂದ್ ಮಾಡದೆ.