ಯಾರು ಮುಟ್ಟಿದ್ದು? ಯಾಕೆ ನಿಂತಿತು?



*ಇಂದಿನ ಧಮ್ಮ ಚಿಂತನೆ*



ಮನೆಯಲ್ಲಾಗಲಿ, ಆಫೀಸಿನಲ್ಲಾಗಲಿ, ಒಂದು ಯಂತ್ರ ಕೆಲಸ ನಿಲ್ಲಿಸಿದಾಗ ನಮ್ಮ ಬಾಯಿಗೆ ಮೊದಲು ಬರುವ ಪ್ರಶ್ನೆ ಯಾವುದು, ಗಮನಿಸಿದ್ದೀರಾ? "ಯಾಕೆ ನಿಂತಿತು?" ಎಂದು ಕೇಳುವವರು ಕಡಿಮೆ. "ಯಾರು ಮುಟ್ಟಿದ್ದು?" ಎಂದು ಕೇಳುವವರೇ ಹೆಚ್ಚು. ಇಂದು ಈ ಎರಡು ಪ್ರಶ್ನೆಗಳ ಬಗ್ಗೆ ಯೋಚಿಸೋಣ.

ನಮ್ಮ ಅಧ್ಯಯನ ಕೇಂದ್ರದಲ್ಲಿ ಒಂದು ವೈಫೈ ಪ್ರಿಂಟರ್ ಇದೆ. ಭಾನುವಾರದ ಪಾಠದ ಹಾಳೆಗಳು, ಮಕ್ಕಳ ಅರ್ಜಿಗಳು, ಎಲ್ಲವೂ ಅದರಲ್ಲೇ. ಇತ್ತೀಚೆಗೆ ಒಂದು ಸಂಜೆ ಪದವಿ ಓದುವ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ಪ್ರಿಂಟ್ ತೆಗೆಯಲು ಬಂದಳು. ಮರುದಿನವೇ ಕಾಲೇಜಿಗೆ ಕೊಡಬೇಕು, ಅದೇ ಕೊನೆಯ ದಿನ. ಲ್ಯಾಪ್‌ಟಾಪಿನಲ್ಲಿ ಮೂರು ಸಲ ಪ್ರಿಂಟ್ ಕೊಟ್ಟಳು. ಒಂದು ಹಾಳೆಯೂ ಬರಲಿಲ್ಲ.

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಬೆಳಿಗ್ಗೆ ಚೆನ್ನಾಗಿತ್ತಲ್ಲ, ಯಾರವ್ವ ಇದನ್ನ ಮುಟ್ಟಿದ್ದು?" ಎಂದರು. ಇನ್ನೊಬ್ಬರು, "ಇವತ್ತು ಅಮಾವಾಸ್ಯೆ ಬೇರೆ" ಎಂದು ನಕ್ಕರು. ಹುಡುಗಿ ಕೀಬೋರ್ಡಿನ ಮೇಲಿದ್ದ ಕೈಯನ್ನು ಸರಕ್ಕನೆ ಹಿಂದೆ ತೆಗೆದುಕೊಂಡಳು. "ನಾನು ಏನೂ ಮಾಡಿಲ್ಲ ಅಣ್ಣ" ಎಂದಳು.

ಆ ಹಿರಿಯರು ಕೆಟ್ಟವರಲ್ಲ. ಹೋಟೆಲಿನ ಹೊರಗೆ ನಿಂತು, ತಮಗೆಂದೇ ಇಟ್ಟ ಬೇರೆ ಲೋಟದಲ್ಲಿ ಟೀ ಕುಡಿದು ಬೆಳೆದವರು. "ಯಾರು ಮುಟ್ಟಿದ್ದು?" ಎಂಬ ಮಾತಿನ ಏಟು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅದೇ ಮಾತು ಅವರ ಬಾಯಿಂದಲೇ ಬಂತು. ಹಳೆಯ ಸಮಾಜ ನಮ್ಮ ನಾಲಿಗೆಯಲ್ಲಿ ಅಷ್ಟು ಆಳವಾಗಿ ಕೂತಿದೆ.

"ಬಾ ತಂಗಿ, ಒಂದೊಂದಾಗಿ ನೋಡೋಣ" ಎಂದೆ.

ಮೊದಲು ಪ್ರಿಂಟರ್ ಒಂದನ್ನೇ ನೋಡಿದೆವು. ಗಾಜಿನ ಮೇಲೆ ಒಂದು ಹಾಳೆ ಇಟ್ಟು ಕಾಪಿ ಒತ್ತಿದಾಗ ನಕಲು ಸರಿಯಾಗಿ ಬಂತು. ಅಂದರೆ ಇಂಕು, ಕಾಗದ, ಯಂತ್ರ ಎಲ್ಲವೂ ಸರಿ. ವೈಫೈ ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿತ್ತು. ಅಂದರೆ ರೂಟರಿನ ಜೊತೆ ಅದರ ಸಂಪರ್ಕವೂ ಇದೆ. ಲ್ಯಾಪ್‌ಟಾಪ್ ಕೂಡ ಅದೇ ವೈಫೈಯಲ್ಲಿತ್ತು, ಇಂಟರ್ನೆಟ್ ಬರುತ್ತಿತ್ತು. ಆದರೂ ಲ್ಯಾಪ್‌ಟಾಪಿನ ಪರದೆಯಲ್ಲಿ ಪ್ರಿಂಟರ್ "ಆಫ್‌ಲೈನ್" ಎಂದೇ ಇತ್ತು. ಅವಳು ಕೊಟ್ಟ ಮೂರು ಪ್ರಿಂಟುಗಳೂ ಸಾಲಿನಲ್ಲಿ ಕಾಯುತ್ತಿದ್ದವು.

ಎರಡೂ ಕಡೆ ಸರಿ ಇದ್ದರೆ ತೊಂದರೆ ನಡುವೆ ಇರಬೇಕು. ಪ್ರಿಂಟರಿನಿಂದಲೇ ಅದರ ನೆಟ್‌ವರ್ಕ್ ವಿವರದ ಹಾಳೆ ತೆಗೆದೆವು. ವ್ಯತ್ಯಾಸ ಕಂಡುಹಿಡಿದವಳು ಆ ಹುಡುಗಿಯೇ. ಪ್ರಿಂಟರಿನ ವಿಳಾಸ 192.168.1.7 ಎಂದಿತ್ತು. ಲ್ಯಾಪ್‌ಟಾಪ್ ಮಾತ್ರ 192.168.1.4ಕ್ಕೆ ಕಳಿಸುತ್ತಿತ್ತು. ಮಧ್ಯಾಹ್ನ ಕರೆಂಟ್ ಹೋಗಿ ಬಂದಿತ್ತು. ರೂಟರ್ ಮತ್ತೆ ಚಾಲೂ ಆದಾಗ ಪ್ರತಿಯೊಂದು ಯಂತ್ರಕ್ಕೂ ಹೊಸದಾಗಿ ವಿಳಾಸ ಹಂಚಿತ್ತು. ಲ್ಯಾಪ್‌ಟಾಪ್ ಹಳೆಯ ವಿಳಾಸವನ್ನೇ ಹಿಡಿದುಕೊಂಡಿತ್ತು. ಅಷ್ಟೇ!

ಸಾಲಿನಲ್ಲಿದ್ದ ಪ್ರಿಂಟುಗಳನ್ನು ರದ್ದು ಮಾಡಿ, ಹಳೆಯ ಪ್ರಿಂಟರ್ ಹೆಸರು ತೆಗೆದು, ಹೊಸ ವಿಳಾಸದಿಂದ ಮತ್ತೆ ಸೇರಿಸಿದೆವು. ಅರ್ಜಿ ಬಂತು. ಮುಂದೆ ಹೀಗಾಗದಂತೆ ರೂಟರಿನಲ್ಲಿ ಪ್ರಿಂಟರಿಗೆ ಒಂದು ಖಾಯಂ ವಿಳಾಸ ಕಾದಿರಿಸಿದೆವು. ಆ ಹಿರಿಯರು ಹತ್ತಿರ ಬಂದು, "ನನಗೂ ಇದನ್ನ ಹೇಳಿಕೊಡವ್ವ" ಎಂದು ಅವಳನ್ನೇ ಕೇಳಿದರು. ಯಾರ ಕೈಯೂ ಕಾರಣವಾಗಿರಲಿಲ್ಲ, ಅಮಾವಾಸ್ಯೆಯೂ ಅಲ್ಲ.

ಬಂಧುಗಳೇ, ಭಗವಾನ್ ಬುದ್ಧರು ಪಟಿಚ್ಚ ಸಮುಪ್ಪಾದದಲ್ಲಿ ತೋರಿಸಿದ್ದು ಇದನ್ನೇ. ಯಾವುದೂ ಕಾರಣವಿಲ್ಲದೆ ಹುಟ್ಟುವುದಿಲ್ಲ, ಕಾರಣ ಹೋದರೆ ಅದರ ಫಲವೂ ಹೋಗುತ್ತದೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಇದನ್ನು ನಮ್ಮ ಬದುಕಿಗೆ ಹತ್ತಿರ ತಂದರು. ಪ್ರತಿ ಘಟನೆಗೂ ಕಾರಣವಿದೆ, ಆ ಕಾರಣ ಮನುಷ್ಯನ ಕ್ರಿಯೆಯಲ್ಲಿರುತ್ತದೆ ಇಲ್ಲವೇ ನಿಸರ್ಗದಲ್ಲಿರುತ್ತದೆ, ಅದರಾಚೆ ಯಾವ ದೈವದ ಕೈವಾಡವೂ ಇಲ್ಲ ಎಂಬುದು ಅವರು ವಿವರಿಸಿದ ಬುದ್ಧನ ನಿಲುವು. ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಬಡತನ, ಕೀಳು ಸ್ಥಾನ ಎಂಬ ವಾದವನ್ನು ಅವರು ಒಪ್ಪದಿರಲು ಇದೂ ಒಂದು ಕಾರಣ. ಆ ವಾದ ಕಾರಣವನ್ನು ಹುಡುಕುವುದಿಲ್ಲ, ಹುಡುಕುವುದನ್ನೇ ನಿಲ್ಲಿಸಿಬಿಡುತ್ತದೆ.

ಮಹಾಡ್ ನೆನಪಿಸಿಕೊಳ್ಳಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮತ್ತು ಸಾವಿರಾರು ಜನ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸಂಪ್ರದಾಯವಾದಿಗಳು ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆಗಳನ್ನು ಅದೇ ಕೆರೆಗೆ ಸುರಿದು "ಶುದ್ಧಿ" ಮಾಡಿದರು. ನೀರಿನಲ್ಲಿ ಏನು ಬದಲಾಯಿತು ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ. ಮುಟ್ಟಿದವರು ಯಾರು ಎಂಬುದೊಂದೇ ಸಾಕಾಗಿತ್ತು. "ಯಾರು ಮುಟ್ಟಿದ್ದು?" ಎಂಬ ಪ್ರಶ್ನೆ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಯಾರೂ ಯಾವುದಕ್ಕೂ ಹೊಣೆಯಲ್ಲವೇ ಎಂದು ಕೆಲವರು ಕೇಳಬಹುದು. ಹೊಣೆ ಇದೆ. ಕಾರಣ ಮನುಷ್ಯನ ಕ್ರಿಯೆಯೇ ಆಗಿದ್ದರೆ, ಆ ಕ್ರಿಯೆ ಯಾವುದು, ಅದನ್ನು ತಿದ್ದುವುದು ಹೇಗೆ ಎಂದು ಕೇಳಬೇಕು. ಆಗ ಮನುಷ್ಯ ಕಲಿಯುತ್ತಾನೆ. ಅವನು ಯಾರು, ಎಂಥವನು ಎಂದು ಕೇಳಿದರೆ ಕುಗ್ಗುತ್ತಾನೆ. ಹಾಗೆ ಕುಗ್ಗಿದ ಮಗು ಮತ್ತೆ ಕಂಪ್ಯೂಟರ್ ಮುಟ್ಟಲು ಹೆದರುತ್ತದೆ. ನಮ್ಮ ಮಕ್ಕಳ ಕೈ ಹಿಂದೆ ಸರಿಯಬಾರದು. ಕೆರೆಯ ನೀರಿನಿಂದ ಹಿಂದೆ ಸರಿಸಿದ್ದ ಕೈಗಳನ್ನು ಮುಂದೆ ತರಲು ಎಷ್ಟು ಜನ ಏಟು ತಿಂದಿದ್ದಾರೆ!

*ಇಂದಿನ ಅಭ್ಯಾಸ:* ಇಂದು ಮನೆಯಲ್ಲಿ ಏನಾದರೂ ಕೆಟ್ಟರೆ, ಒಡೆದರೆ, ಉಕ್ಕಿದರೆ, "ಯಾರು?" ಎಂಬ ಮಾತು ಬಾಯಿಗೆ ಬರುವಾಗಲೇ ಗಮನಿಸಿ. ಒಂದು ಉಸಿರು ನಿಲ್ಲಿ. "ಯಾಕೆ?" ಎಂದು ಕೇಳಿ. ಹತ್ತಿರ ಮಗುವಿದ್ದರೆ ಜೊತೆಗೆ ಕರೆದುಕೊಂಡು ಕಾರಣ ಹುಡುಕಿ. ಪ್ರಜ್ಞೆ, ಕರುಣೆ ಎರಡೂ ಅದೇ ಒಂದು ಪ್ರಶ್ನೆಯಲ್ಲಿ ಬೆಳೆಯುತ್ತವೆ.

ಎಲ್ಲರಿಗೂ ಮಂಗಳವಾಗಲಿ ☸️
ನಮೋ ಬುದ್ಧಾಯ. ಜೈ ಭೀಮ್.