ಸ್ನೇಹದ ಹೊಳೆ ಬತ್ತಿದಾಗ



ಒಂದನೇ ತರಗತಿಯಲ್ಲಿ ನಿಮ್ಮ ಪಕ್ಕದಲ್ಲಿ ಕುಳಿತಿದ್ದವರು ಯಾರು? ಸ್ವಲ್ಪ ಹೊತ್ತು ಯೋಚಿಸಿ ನೋಡಿ. ಒಂದೇ ಬಳಪವನ್ನು ಮುರಿದು ಹಂಚಿಕೊಂಡದ್ದು, ಹುಣಸೆಕಾಯಿಗೆ ಉಪ್ಪು ಹಚ್ಚಿ ತಿಂದದ್ದು ನೆನಪಾದೀತು. ಆದರೆ ಅವರು ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರವಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊಳಲ್ಕೆರೆಯ ಕಡೆಯ ಹುಡುಗ ಹೈಸ್ಕೂಲು ಮುಗಿಸಿ ಚಿತ್ರದುರ್ಗದ ಹಾಸ್ಟೆಲ್ಲಿಗೆ ಬರುತ್ತಾನೆ. ಹಳ್ಳಿಯ ಗೆಳೆಯರು ಹಿಂದೆ ಉಳಿಯುತ್ತಾರೆ. ಕೆಲಸ ಸಿಕ್ಕಿ ಬೆಂಗಳೂರಿಗೋ ಗಲ್ಫಿಗೋ ಹೋದರೆ ಹಾಸ್ಟೆಲ್ಲಿನ ಗೆಳೆಯರೂ ದೂರವಾಗುತ್ತಾರೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮದುವೆಯಾಗಿ ಹೊರಟ ದಿನ ತವರುಮನೆಯ ಜೊತೆಗೆ ಗೆಳತಿಯರನ್ನೂ ಬಿಟ್ಟು ಹೋಗಬೇಕು. ಆಮೇಲೆ ಸಂಸಾರ, ಮಕ್ಕಳ ಓದು, ಅತ್ತೆ ಮಾವಂದಿರ ಆರೈಕೆ. ಎಲ್ಲ ಜವಾಬ್ದಾರಿ ಮುಗಿದು ಬಿಡುವು ಸಿಗುವ ಹೊತ್ತಿಗೆ, ಮಾತನಾಡಬೇಕಾದವರು ಒಬ್ಬೊಬ್ಬರಾಗಿ ಸಮಾಧಿಯ ಕಡೆಗೆ ನಡೆದಿರುತ್ತಾರೆ.

ಹೀಗೆ ಕಾಲ ಬಂದು ಅಗಲಿದವರ ಬಗ್ಗೆ ನಾವು ಅಪರಾಧ ಭಾವನೆ ಇಟ್ಟುಕೊಳ್ಳಬೇಕಾಗಿಲ್ಲ. ದೇವರು ಅವರನ್ನು ನಮ್ಮ ಬಾಳಿನ ಒಂದು ಹಂತಕ್ಕೆಂದು ಕೊಟ್ಟರು. ಕೃತಜ್ಞತೆಯಿಂದ ಅವರನ್ನು ನೆನೆದು ಪ್ರಾರ್ಥಿಸುವುದೇ ನಮ್ಮ ಕರ್ತವ್ಯ. ಸಂತ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವೆಗೆ ಬಂದಿಳಿದ ಮೇಲೆ ಮತ್ತೆ ಯೂರೋಪಿಗೆ ಮರಳಲಿಲ್ಲ. ಇಗ್ನಾಸಿಯವರನ್ನಾಗಲಿ, ಪ್ಯಾರಿಸಿನಲ್ಲಿ ಜೊತೆಗಿದ್ದು ಯೂರೋಪಿನಲ್ಲೇ ಉಳಿದ ಗೆಳೆಯರನ್ನಾಗಲಿ ಮತ್ತೆ ಕಾಣಲಿಲ್ಲ. ಅವರ ಪತ್ರಗಳಿಂದ ಸಹಿಗಳನ್ನು ಕತ್ತರಿಸಿ ತೆಗೆದು, ಎದೆಯ ಮೇಲೆ ಧರಿಸಿಕೊಂಡು ತಿರುಗಾಡಿದರು. ದೂರವಾದವರನ್ನು ಪ್ರೀತಿಸುವ ಬಗೆ ಇದು.

ಆದರೆ ಇನ್ನೊಂದು ಬಗೆಯ ಅಗಲಿಕೆ ಇದೆ. ಅದು ಕಾಲ ಮಾಡಿದ್ದಲ್ಲ, ನಾವು ಮಾಡಿದ್ದು. ಒಂದು ಕಟುವಾದ ಮಾತು, ಹಿಂತಿರುಗದ ಸಾಲ, ಕರೆಯದೆ ಬಿಟ್ಟ ಒಂದು ಮದುವೆ. ಇದನ್ನು ಕೂಡ ನಾವು "ಏನ್ ಮಾಡೋದು, ಕಾಲವೇ ಹಾಗೆ" ಎಂದು ಕಾಲದ ತಲೆಗೆ ಕಟ್ಟಿ ಸುಮ್ಮನಾಗುತ್ತೇವೆ. ಇದೇ ನಮ್ಮ ತಪ್ಪು.

ಪ್ರೇಷಿತರ ಕಾರ್ಯಕಲಾಪಗಳನ್ನು ತೆರೆದು ನೋಡಿ. ಮತಾಂತರದ ನಂತರ ಪೌಲರನ್ನು ಯಾರೂ ನಂಬದಿದ್ದಾಗ ಕೈಹಿಡಿದು ಪ್ರೇಷಿತರ ಬಳಿಗೆ ಕರೆದೊಯ್ದವರು ಬಾರ್ನಬ. ತಾರ್ಸದವರೆಗೂ ಹೋಗಿ, ಅವರನ್ನು ಹುಡುಕಿ ಅಂತಿಯೋಕ್ಯಕ್ಕೆ ಕರೆತಂದವರೂ ಅವರೇ. ಅಂಥ ಗೆಳೆಯರು ಮಾರ್ಕ ಎಂಬ ಯುವಕನ ಕಾರಣ ಜಗಳವಾಡಿ ಬೇರೆಯಾದರು. ಹಿಂದಿನ ಪ್ರಯಾಣದಲ್ಲಿ ನಡುದಾರಿಯಲ್ಲಿ ಬಿಟ್ಟುಹೋದವನನ್ನು ಮತ್ತೆ ಕರೆದೊಯ್ಯುವುದು ಬೇಡ ಎಂದರು ಪೌಲ; ಬೇಕು ಎಂದರು ಬಾರ್ನಬ. ಬಾರ್ನಬ ಮಾರ್ಕನೊಡನೆ ಸೈಪ್ರಸ್ಸಿಗೆ ಹಡಗು ಹತ್ತಿದರು. ಪೌಲ ಸೀಲರೊಡನೆ ಇನ್ನೊಂದು ದಾರಿ ಹಿಡಿದರು. ಸಂತರಲ್ಲೂ ಹೀಗಾಗುತ್ತದೆ ಎಂಬುದನ್ನು ಪವಿತ್ರ ಗ್ರಂಥ ಮುಚ್ಚಿಡಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ತಿಮೊಥೇಯರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ ಸೆರೆಮನೆಯಲ್ಲಿದ್ದಾರೆ. ದೇಮ ಬಿಟ್ಟುಹೋಗಿದ್ದಾನೆ, ಜೊತೆಗಿರುವವರು ಲೂಕ ಒಬ್ಬರೇ. ಆಗ ಅವರು ಬರಹೇಳುವುದು ಯಾರನ್ನು? ಅದೇ ಮಾರ್ಕನನ್ನು. ಒಮ್ಮೆ ಬೇಡವಾದವನು ತನ್ನ ಸೇವೆಗೆ ಬೇಕಾದವನು ಎಂದು ಬರೆಯಲು ಆ ಮುದುಕರಿಗೆ ನಾಚಿಕೆಯಾಗಲಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹೊಸದುರ್ಗದ ಕಡೆಯ ಒಬ್ಬ ಗೆಳೆಯ ನನಗಿದ್ದ. ನಮ್ಮ ಧರ್ಮದವನಲ್ಲ. ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬುತ್ತಿಯಲ್ಲಿ ಉಂಡವರು ನಾವು. ನನ್ನ ಗುರುದೀಕ್ಷೆಯ ದಿನ ಎರಡು ಚೀಲ ತೆಂಗಿನಕಾಯಿ ತಂದು ಇಳಿಸಿ, ಬಂದವರಿಗೆಲ್ಲ ಬಡಿಸಲು ನಿಂತಿದ್ದ. ಎಷ್ಟೋ ವರ್ಷಗಳ ಮೇಲೆ ಮಗನಿಗೆ ಶಾಲೆಯಲ್ಲಿ ಒಂದು ಸೀಟು ಕೇಳಿಕೊಂಡು ಬಂದ. ಪ್ರವೇಶ ಮುಗಿದಿತ್ತು. ಇಲ್ಲ ಎಂದದ್ದು ತಪ್ಪಲ್ಲ, ಹೇಳಿದ ರೀತಿ ತಪ್ಪು. ನಾಲ್ಕು ಜನರ ಮುಂದೆ, ನಿಂತ ನಿಲುವಿನಲ್ಲೇ ಹೇಳಿ ಕಳುಹಿಸಿದೆ. ಕೂತ್ಕೋ ಎನ್ನಲಿಲ್ಲ, ಒಂದು ಲೋಟ ಕಾಫಿ ಕೊಡಲಿಲ್ಲ. ಅವನು ಮತ್ತೆ ಬರಲಿಲ್ಲ, ನಾನೂ ಹೋಗಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಮಾರಿಕಣಿವೆ ಕೋಡಿ ಬಿದ್ದಿತು. 1933ರ ನಂತರ, 89 ವರ್ಷಗಳ ಮೇಲೆ! ಸುತ್ತಿನ ಊರುಗಳ ಜನರೆಲ್ಲ ನೋಡಲು ಹೊರಟರು. ನಾನೂ ಹೋದೆ. ಚಿಕ್ಕಂದಿನಲ್ಲಿ ನಾವಿಬ್ಬರೂ, ಇದು ಕೋಡಿ ಬಿದ್ದರೆ ಜೊತೆಯಾಗಿ ಬಂದು ನೋಡೋಣ ಎಂದು ಮಾತಾಡಿಕೊಂಡಿದ್ದೆವು. ಧುಮ್ಮಿಕ್ಕುವ ನೀರಿನ ಎದುರು ನಿಂತು ಅವನಿಗೆ ಫೋನ್ ಮಾಡಬೇಕು ಅನ್ನಿಸಿತು. ಏನೆಂದು ಮಾತು ಶುರು ಮಾಡುವುದು? ಕ್ರಿಸ್ಮಸ್ಸಿಗೆ ಮನೆಗೇ ಹೋದರಾಯಿತು ಎಂದುಕೊಂಡೆ. ಕ್ರಿಸ್ಮಸ್ಸಿಗೆ ಎರಡು ವಾರ ಮುಂಚೆ ಅವನು ತೀರಿಕೊಂಡ ಸುದ್ದಿ ಬಂತು. ಹೋದಾಗ ಅವನ ತಾಯಿ ನನ್ನ ಕೈ ಹಿಡಿದು, "ಕೋಡಿ ಬಿದ್ದಾಗ ನಿನ್ನ ನೆನೆಸ್ಕೊಂಡಿದ್ದ ಕಣಪ್ಪಾ" ಎಂದರು. ಅವನೂ ಕಾದಿದ್ದ. ನಾನು ಕ್ಷಮೆ ಕೇಳಬೇಕಾದವನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಆ ಅಣೆಕಟ್ಟು ತುಂಬಿದ್ದು ಬರೀ ಮಳೆಯಿಂದಲ್ಲ. ಭದ್ರೆಯ ನೀರನ್ನು ಪಂಪಿನಿಂದ ಮೇಲೆತ್ತಿ ವೇದಾವತಿಗೆ ಹರಿಸಿದ್ದರು. ಸ್ನೇಹವೂ ಅಷ್ಟೇ. ತಾನಾಗಿಯೇ ಮಳೆ ಬರಲಿ ಎಂದು ಕಾದು ಕೂತರೆ ಒಂದು ಆಯುಷ್ಯವೇ ಕಳೆದುಹೋದೀತು. ಯಾರಾದರೂ ಒಬ್ಬರು ನೀರು ಹರಿಸಬೇಕು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ನಮ್ಮ ಹಿರಿಯರು ಹೊಳೆಯನ್ನು ಶಪಿಸುತ್ತಾ ಕೂರುತ್ತಿರಲಿಲ್ಲ. ಮರಳಿನಲ್ಲಿ ಒರತೆ ತೋಡುತ್ತಿದ್ದರು. ಕೆಳಗೆ ನೀರಿದೆ ಎಂಬ ನಂಬಿಕೆ ಅವರಿಗಿತ್ತು.

ಯೇಸುಸ್ವಾಮಿಯವರು ಮಾಡಿದ್ದೂ ಇದನ್ನೇ. ಕಡೆಯ ಭೋಜನದಲ್ಲಿ ಗೆಳೆಯರೆಂದು ಕರೆಸಿಕೊಂಡವರೇ ಆ ರಾತ್ರಿ ಅವರನ್ನು ಬಿಟ್ಟು ಓಡಿಹೋದರು. ಪೇತ್ರ ಮೂರು ಸಲ ಗೊತ್ತಿಲ್ಲ ಎಂದನು. ಪುನರುತ್ಥಾನರಾದ ಪ್ರಭು ಅವರು ಬಂದು ಕ್ಷಮೆ ಕೇಳಲಿ ಎಂದು ಕಾಯಲಿಲ್ಲ. ತಾವೇ ಸರೋವರದ ದಡಕ್ಕೆ ಹೋಗಿ, ಕೆಂಡದ ಮೇಲೆ ಮೀನು ಸುಟ್ಟು, ಹಸಿದವರನ್ನು ಊಟಕ್ಕೆ ಕರೆದರು. ಪ್ರಶ್ನೆ ಬಂದದ್ದು ಊಟವಾದ ಮೇಲೆ. ಅದೂ ಏಕೆ ಓಡಿಹೋದೆ ಎಂದಲ್ಲ, ಪ್ರೀತಿ ಇದೆಯೇ ಎಂದು.

ಪ್ರಿಯರೇ, ಈ ವಾರ ಎರಡು ಕೆಲಸ ಮಾಡೋಣ. ಕಾಲವು ದೂರ ಮಾಡಿದ ಗೆಳೆಯರ ಹೆಸರುಗಳನ್ನು ಭಾನುವಾರದ ಬಲಿಪೂಜೆಗೆ ಹೊತ್ತು ತನ್ನಿ. ಕಾಣಿಕೆಯ ಹೊತ್ತಿನಲ್ಲಿ ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ದೇವರಿಗೆ ಒಪ್ಪಿಸಿರಿ. ನಾವಾಗಿ ದೂರ ಮಾಡಿಕೊಂಡವರ ಹೆಸರು ಒಂದಿದ್ದರೆ ಅದಕ್ಕೆ ಪ್ರಾರ್ಥನೆಯೊಂದೇ ಸಾಲದು. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದವರು ನಮ್ಮ ಪ್ರಭು. ಫೋನ್ ಮಾಡಿ, ಇಲ್ಲವೇ ಬಸ್ಸು ಹತ್ತಿ ಹೋಗಿ. ಬಾಗಿಲು ತೆರೆಯದಿದ್ದರೂ ಚಿಂತೆಯಿಲ್ಲ, ನೀವು ಬಂದದ್ದು ಅವರಿಗೆ ತಿಳಿದರೆ ಸಾಕು. ಹಬ್ಬ ಬರಲಿ ಎಂದು ಮಾತ್ರ ಕಾಯಬೇಡಿ.

ನಮ್ಮ ಗೆಳೆಯರಾದ ಪ್ರಭು ಕ್ರಿಸ್ತರು ಆ ಮೊದಲ ಹೆಜ್ಜೆಗೆ ನಿಮಗೆ ಬಲ ಕೊಡಲಿ. ನಾವು ಹೋಗುವ ಮೊದಲೇ ಅಗಲಿಹೋದ ಗೆಳೆಯರಿಗೆ ಅವರು ನಿತ್ಯ ವಿಶ್ರಾಂತಿಯನ್ನು ಅನುಗ್ರಹಿಸಲಿ. ಆಮೆನ್.